ಪರದೇಶದ ನೀರು

ಮಂಗಳೂರಿನಿಂದ ಹಡಗೇರಿ ಮರುಭೂಮಿಯ ಬಂದರಿಗೆ ಬಂದಿಳಿದ ಕಾಗೆಗಳು ಖರ್ಜೂರದ ಮರದಲ್ಲಿ ಕೂತು, ಊರಿನ ಆಲದಮರದಲ್ಲಿ ಈಗ ಯಾರ ಆಳ್ವಿಕೆ ಎಂದು ವಾದಿಸುತ್ತಿದ್ದವು. ಬಿಸಿಲಿಗೆ ಎಲ್ಲವುಗಳ ಗಂಟಲೂ ಒಣಗಿತ್ತು.

ಆ ನಾಡಿನ ಪಿಕಳಾರ ಹಕ್ಕಿಯೊಂದು ಬಂದು, "ಗೋದಾಮಿನ ಹಿಂದೆ ಎಸಿ ಪೈಪಿನಿಂದ ನೀರು ತೊಟ್ಟಿಕ್ಕುತ್ತದೆ, ಹೋಗಿ ಕುಡಿಯಿರಿ" ಎಂದಿತು.

"ಕೇಳದೆ ಹೇಳುತ್ತಿದೆಯಲ್ಲ! ಇದರಲ್ಲೇನೋ ಮಸಲತ್ತಿದೆ" ಎಂದಿತು ಹಿರಿಯ ಕಾಗೆ. ಉಳಿದವು ಹೌದೆಂದವು.

ಆಗಷ್ಟೇ ಹಾರಲು ಕಲಿತ ತನ್ನ ಮರಿಯ ಸಂಕಟ ನೋಡಲಾರದೆ ತಾಯಿಕಾಗೆಯೊಂದು ಹೋಗಿ ಕೊಕ್ಕಿನಲ್ಲಿ ನೀರು ತಂದಿತು. ಮರಿಗೆ ಗುಟುಕು ಕೊಟ್ಟು, "ನೀರು ತಂಪಾಗಿದೆ, ಎಲ್ಲರೂ ಬನ್ನಿ" ಎಂದು ಕರೆಯಿತು.

ಹಿರಿಯ ಕಾಗೆ ದೂರ ಸರಿದು ಕೂತಿತು. "ಇಲ್ಲಿನವರು ಸುಮ್ಮನೆ ಕುಡಿಯಲು ಬಿಟ್ಟರೇ? ನಮ್ಮ ವಿಷಯ ಏನೇನು ಹೇಳಿ ಬಂದೆ?"

ತಾಯಿ ಮರಿಯನ್ನು ಕರೆದುಕೊಂಡು ಗೋದಾಮಿನ ಕಡೆ ಹಾರಿತು. ಬಾಯಾರಿದ ಕಾಗೆಗಳೆಲ್ಲ ಮರದಲ್ಲೇ ಕೂತು, ತಾಯಿಕಾಗೆ ಯಾರ ಕಡೆಯದೆಂದು ಚರ್ಚಿಸತೊಡಗಿದವು.