ಬಾಚಿ ಮತ್ತು ಕೊನೆಯ ದೋಣಿ

ನದಿ ಕಡಲು ಸೇರುವಲ್ಲಿ ಸೂರಪ್ಪ ಆಚಾರಿ ದೋಣಿ ಕಟ್ಟುತ್ತಿದ್ದ ಹಳೆಯ ಚಪ್ಪರವಿತ್ತು. ಆಚಾರಿ ತೀರಿಕೊಂಡ ಮೇಲೆ ಅಲ್ಲಿ ಉಳಿದದ್ದು ಅವನು ಕಟ್ಟಿದ ಕೊನೆಯ ದೋಣಿ, ಮತ್ತು ಅದನ್ನು ಕೆತ್ತಿದ ಬಾಚಿ. ಬಾಚಿಗೆ ಯಜಮಾನನ ಕೈಯ ನೆನಪೊಂದೇ ಲೋಕ.

"ಬಾಚಿಯಕ್ಕಾ, ನಾನು ನೀರಿಗಿಳಿಯಬೇಕು," ಎಂದಿತು ದೋಣಿ.

"ಯಜಮಾನರ ಕೈಕೆಲಸ ಉಳಿದಿರುವುದು ನಿನ್ನಲ್ಲಿ ಮಾತ್ರ. ಉಪ್ಪುನೀರಿಗೆ ಬಿದ್ದು ಅದನ್ನೂ ಹಾಳುಮಾಡುತ್ತೀಯಾ?"

"ಇಲ್ಲಿ ಕೂತೇ ಹಾಳಾಗುತ್ತಿದ್ದೇನೆ. ಒಣಗಿ ಹಲಗೆಗಳ ನಡುವೆ ಬಿರುಕು ಬಿಟ್ಟಿದೆ, ನೋಡು."

ಬಾಚಿ ನೋಡಲಿಲ್ಲ.

ಒಂದು ಬೆಳಿಗ್ಗೆ ಆಚಾರಿಯ ಮಗಳು ಗುಲಾಬಿ ನೆರೆಯವರನ್ನು ಕರೆದು ದೋಣಿಯನ್ನು ನದಿಗೆ ದೂಡಿಸಿದಳು. ಬಿರುಕುಗಳಲ್ಲಿ ನೀರು ನುಗ್ಗಿ ದೋಣಿ ಅಂಚಿನವರೆಗೆ ಮುಳುಗಿತು.

"ಅಯ್ಯೋ, ಯಜಮಾನರನ್ನೇ ಮುಳುಗಿಸಿಬಿಟ್ಟಳು!" ಎಂದು ಬಾಚಿ ಗೋಳಾಡಿತು.

ಗುಲಾಬಿ ಗಾಬರಿಯಾಗದೆ ದೋಣಿಯನ್ನು ಗೂಟಕ್ಕೆ ಕಟ್ಟಿದಳು. "ಕುಡಿಯಲಿ ಬಿಡಿ, ಅಪ್ಪ ಕಟ್ಟಿದ್ದು. ಕುಡಿದಷ್ಟೂ ಬಿಗಿಯಾಗುತ್ತದೆ," ಎಂದಳು.

ಕೆಲವೇ ದಿನಗಳಲ್ಲಿ ಮರ ಉಬ್ಬಿ ಬಿರುಕುಗಳೆಲ್ಲ ಮುಚ್ಚಿಕೊಂಡವು. ಒಳಗಿನ ನೀರನ್ನು ಮೊಗೆದು ಹಾಕಿದ್ದೇ ತಡ, ದೋಣಿ ಹಗುರಾಗಿ ತೇಲುತ್ತ ಕಡಲಿನತ್ತ ಹೊರಟಿತು. ಅದು ಮರೆಯಾಗುವವರೆಗೂ ಬಾಚಿ ಆ ದಾರಿಯನ್ನೇ ನೋಡಿತು.

ಸಂಜೆ ಅಂಗಳಕ್ಕೆ ಹೊಸ ಮರದ ದಿಮ್ಮಿ ಬಂದು ಬಿತ್ತು. ಗುಲಾಬಿ ಬಾಚಿಯನ್ನು ಕೈಗೆತ್ತಿಕೊಂಡಳು. ಅಪ್ಪನ ಬೆವರು ತಾಗದೆ ಅದರ ಮರದ ಹಿಡಿಯೂ ಒಣಗಿ ಸಣ್ಣದಾಗಿತ್ತು. ಕಬ್ಬಿಣದ ತಲೆ ಅದರ ಮೇಲೆ ಗಡಗಡ ಅಲ್ಲಾಡಿತು.

ಬಾಚಿ ಮೆಲ್ಲಗೆ, "ನನ್ನನ್ನೂ ನೀರಿಗೆ ಹಾಕಮ್ಮಾ," ಎಂದಿತು.