ಹೆಸರು ಕೆತ್ತಿದ ಲೋಟ

“ಗುರುಗಳೇ, ನಿಜವಾದ ಬಡವರು ಯಾರು, ಬಡವರ ವೇಷ ಹಾಕಿದವರು ಯಾರು ಎಂದು ತಿಳಿಯುವುದು ಹೇಗೆ?”

ಕೇಳಿದವನು ಇನ್ನಾಸಪ್ಪ. ಗುರುಮಠದಲ್ಲಿ ಪಾದ್ರಿಯಾಗಲು ಓದುತ್ತಿದ್ದ ಅವನನ್ನು ಕ್ರಿಸ್ಮಸ್ ಮುಗಿಯುವವರೆಗೆ ಈ ಊರಿನ ಚರ್ಚಿಗೆ ಕಳಿಸಿದ್ದರು. ವರ್ಷಕ್ಕೊಂದು ಬಡ ಕುಟುಂಬವನ್ನು ಆರಿಸಿ, ಅವರ ಮನೆಯಲ್ಲಿ ಹಬ್ಬ ಮಾಡಿಸುವುದು ಚರ್ಚಿನ ರೂಢಿ. ಮರುದಿನ ಅವನು ಏಳು ಮನೆಗಳನ್ನು ನೋಡಿಬಂದು ಒಂದನ್ನು ಆರಿಸಬೇಕಿತ್ತು.

ಚರ್ಚಿನ ವಯಸ್ಸಾದ ಗುರುಗಳು ಅವನ ಕೈಯಿಂದ ಪಟ್ಟಿಯನ್ನು ಈಸಿಕೊಂಡು ನೋಡಿದರು. ಎರಡು ಹೆಸರುಗಳ ಮುಂದೆ ಅವನು ಆಗಲೇ ಪ್ರಶ್ನೆಯ ಗುರುತು ಹಾಕಿದ್ದ.

“ಇದೇನಿದು?”

“ಒಬ್ಬರ ಮನೆಯಲ್ಲಿ ಟಿ.ವಿ. ಇದೆಯಂತೆ. ಇನ್ನೊಬ್ಬರು ಹೋದ ವಾರ ಮೀನು ತಂದಿದ್ದರಂತೆ.”

“ಮೀನು ತಂದಿದ್ದರೇ? ಅಯ್ಯೋ ದೇವರೇ, ಎಂಥ ಅನ್ಯಾಯ!” ಎಂದರು ಗುರುಗಳು. “ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆಯಲ್ಲಿ ವ್ಯಾಪಾರಿ ಬಂದ ಕೂಡಲೇ ಕೇಳುವವರಿಗೆಲ್ಲ ಇವನೇ ಕಳ್ಳ ಅನ್ನಿಸುತ್ತದೆ. ನಿನಗೂ ಅನ್ನಿಸಿರಬೇಕು. ಅವನು ಚರ್ಚಿನ ದಾನಸಂಘದ ಮುಖ್ಯಸ್ಥ. ಪ್ರತಿ ಕ್ರಿಸ್ಮಸ್ಸಿಗೆ ಒಂದು ಬಡ ಕುಟುಂಬಕ್ಕೆ ಹೊಸ ಬಟ್ಟೆ, ಅಕ್ಕಿ, ಮಾಂಸ, ಕೇಕು, ಬಾಗಿಲಿಗೆ ಕಟ್ಟಲು ನಕ್ಷತ್ರದ ದೀಪ, ಎಲ್ಲವನ್ನೂ ಮುಂದೆ ನಿಂತು ಕೊಡಿಸುತ್ತಿದ್ದ. ಒಂದು ವರ್ಷ ಹೀಗೆ ಪಡೆದವನೊಬ್ಬ ಕಂಬಳಿಗಳನ್ನು ಮೂರನೆಯ ದಿನವೇ ಸಂತೆಯಲ್ಲಿ ಮಾರಿಕೊಂಡ. ವ್ಯಾಪಾರಿಗೆ ಅದು ಮನಸ್ಸಿಗೆ ಬಹಳ ಹತ್ತಿತು. ಅಂದಿನಿಂದ ಕೊಡುವ ಮೊದಲು ತಾನೇ ಹೋಗಿ ಮನೆ ನೋಡತೊಡಗಿದ. ಅಕ್ಕಿ ಡಬ್ಬದ ಮುಚ್ಚಳ ತೆಗೆಯುತ್ತಿದ್ದ. ಹಗ್ಗದ ಮೇಲಿನ ಸೀರೆಯನ್ನು ಮುಟ್ಟುತ್ತಿದ್ದ. ಬಟ್ಟೆ ಹೊಸದೋ ಹಳೆಯದೋ ಅವನ ಬೆರಳಿಗೇ ಗೊತ್ತಾಗುತ್ತಿತ್ತು.

ಆ ವರ್ಷ ಸಂಘದವರು ಹೇಳಿದ್ದು ಒಬ್ಬ ಗಾರೆ ಕೆಲಸದವನ ಮನೆಯನ್ನು. ಕಟ್ಟಡದ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಅವನು ನಾಲ್ಕು ತಿಂಗಳಿನಿಂದ ಮಂಚ ಹಿಡಿದಿದ್ದ. ಹೆಂಡತಿ ಲೂರ್ದಮ್ಮ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಅವನನ್ನೂ ಎರಡು ಮಕ್ಕಳನ್ನೂ ಸಾಕುತ್ತಿದ್ದಳು.

ನಾಳೆ ವ್ಯಾಪಾರಿ ಬರುತ್ತಾನೆ ಎಂದು ಲೂರ್ದಮ್ಮನಿಗೆ ತಿಳಿಯಿತು. ಅವಳಿಗೆ ಬುದ್ಧಿ ಇದ್ದಿದ್ದರೆ ಮನೆಯಲ್ಲಿದ್ದ ನಾಲ್ಕು ಪಾತ್ರೆಗಳನ್ನೂ ಬಚ್ಚಿಡುತ್ತಿದ್ದಳು. ಮಕ್ಕಳಿಗೆ ತಲೆ ಬಾಚುತ್ತಿರಲಿಲ್ಲ. ಆದರೆ ಮನೆಗೆ ದೊಡ್ಡವರು ಬರುತ್ತಿದ್ದಾರಲ್ಲ! ಅವಳು ನೆಲ ಸಾರಿಸಿದಳು. ಪಕ್ಕದ ಮನೆಯಿಂದ ಕುರ್ಚಿ ತಂದಳು, ಎದುರು ಮನೆಯಿಂದ ಕಾಫಿಪುಡಿ. ಆಮೇಲೆ ಲೋಟದ ಯೋಚನೆ ಬಂತು. ಮನೆಯಲ್ಲಿದ್ದವೆಲ್ಲ ನೆಗ್ಗಿದ ಅಲ್ಯೂಮಿನಿಯಂ ಲೋಟಗಳು. ಅವುಗಳಲ್ಲಿ ಕೊಡಲು ಅವಳಿಗೆ ನಾಚಿಕೆಯಾಯಿತು.

ಒಳ್ಳೆಯ ಲೋಟ ಕೇಳಲು ಅವಳು ಎಲ್ಲಿಗೆ ಹೋದಳು ಗೊತ್ತೇ? ವ್ಯಾಪಾರಿಯ ಮನೆಗೇ. ಅವನ ಹೆಂಡತಿ ಆರೋಗ್ಯಮ್ಮ ಯಾರಿಗೂ ಇಲ್ಲ ಅಂದವಳಲ್ಲ. ವಿಷಯ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅವರಿಗೆ ಕಾಫಿ ಕೊಡೋಕೆ ಅವರ ಮನೆ ಲೋಟಾನೇ ಬೇಕಾ ನಿನಗೆ? ತಗೊಂಡು ಹೋಗೇ. ಆದರೆ ನಾನು ಕೊಟ್ಟೆ ಅಂತ ಮಾತ್ರ ಬಾಯಿಬಿಡಬೇಡ. ಮನೆ ಸಾಮಾನು ಹೊರಗೆ ಹೋಯ್ತು ಅಂದರೆ ಅವರು ರಂಪ ಮಾಡ್ತಾರೆ.”

“ಮಾತೆಯಾಣೆ, ಹೇಳಲ್ಲಕ್ಕಾ.”

ಅಡುಗೆಮನೆಯಲ್ಲಿ ಒಂದೇ ಜೊತೆಯ ಆರು ಸ್ಟೀಲ್ ಲೋಟಗಳಿದ್ದವು, ಮದುವೆಯಲ್ಲಿ ಕೊಟ್ಟವು. ಆರೋಗ್ಯಮ್ಮ ಅವುಗಳಲ್ಲಿ ಒಂದನ್ನು ತೆಗೆದುಕೊಟ್ಟಳು. ಲೋಟದ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೆತ್ತಿತ್ತು. ಅವಸರದಲ್ಲಿ ಅವಳಿಗೆ ಅದು ನೆನಪಾಗಲಿಲ್ಲ. ಲೂರ್ದಮ್ಮನಿಗೆ ಓದು ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ವ್ಯಾಪಾರಿ ಬಂದ. ಸಾರಿಸಿದ ನೆಲ ನೋಡಿದ. ಕುರ್ಚಿ ನೋಡಿದ. ತಲೆ ಬಾಚಿಕೊಂಡ ಮಕ್ಕಳನ್ನು ನೋಡಿದ. ಇವರಿಗೆ ಅಂಥ ಕಷ್ಟವೇನೂ ಕಾಣುವುದಿಲ್ಲವಲ್ಲ ಅಂದುಕೊಂಡ. ಅಷ್ಟರಲ್ಲಿ ಕಾಫಿ ಬಂತು. ತುಟಿಗಿಡುವಾಗ ಹೆಂಡತಿಯ ಹೆಸರು ಕಣ್ಣಿಗೆ ಬಿತ್ತು.

“ಲೋಟ ಚೆನ್ನಾಗಿದೆಯಲ್ಲಮ್ಮ. ಎಲ್ಲಿಯದು?”

ಲೂರ್ದಮ್ಮ ಆಣೆ ಇಟ್ಟಿದ್ದಳು. “ನಮ್ಮದೇ ಅಣ್ಣಾ. ತವರಿನಲ್ಲಿ ಕೊಟ್ಟಿದ್ದು,” ಎಂದಳು.

ವ್ಯಾಪಾರಿ ಕಾಫಿಯನ್ನು ಪೂರ್ತಿ ಕುಡಿದ. ಲೋಟ ಕೆಳಗಿಟ್ಟ. ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ ಎದ್ದುಹೋದ. ಇದು ನನ್ನ ಹೆಂಡತಿಯ ಹೆಸರಲ್ಲವೇ ಎಂದು ಅಲ್ಲೇ ಒಂದು ಮಾತು ಕೇಳಿದ್ದರೆ ಆಗಿಹೋಗುತ್ತಿತ್ತು. ಅನುಮಾನ ಬಂದವನು ಕೇಳುವುದಿಲ್ಲ ಮರಿ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ, ಅದಕ್ಕೆ.

ನೇರ ಮನೆಗೆ ಹೋಗಿ ಅಡುಗೆಮನೆಯಲ್ಲಿ ಲೋಟಗಳನ್ನು ನೋಡಿದ. ಐದೇ ಇದ್ದವು. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಪಾಪ ಬಿಡಿ ಅನ್ನುತ್ತಾಳೆ ಎಂದು ಅವಳ ಮೇಲೂ ಅನುಮಾನ. ಆ ಸಂಜೆ ಊಟಕ್ಕೆ ಮುದ್ದೆ, ಹಿದುಕಿದ ಅವರೆಬೇಳೆಯ ಸಾರು. ಸಾರು ಬಹಳ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡು ತಿಂದ. ಬೆಳಿಗ್ಗೆ ಎದ್ದು ನೋಡಿದರೆ ಲೋಟಗಳು ಆರು! ಸಿಕ್ಕಿಬಿದ್ದೆನೆಂದು ಹೆದರಿ ಕಳ್ಳಿ ತಂದಿಟ್ಟುಹೋಗಿದ್ದಾಳೆ ಅಂದುಕೊಂಡ. ಲೋಟ ಇಲ್ಲದಿದ್ದಾಗಲೂ ಅವಳು ಕಳ್ಳಿ, ಲೋಟ ಬಂದಾಗಲೂ ಅವಳೇ ಕಳ್ಳಿ. ಅಂಥ ತಲೆಗೆ ಯಾರು ಏನು ಹೇಳಲು ಸಾಧ್ಯ?

ಆ ಬೆಳಿಗ್ಗೆಯೇ ಮಗಳಿಗೆ ಹೆರಿಗೆಯಾಯಿತೆಂದು ಸುದ್ದಿ ಬಂದು ಆರೋಗ್ಯಮ್ಮ ಬಾಣಂತನಕ್ಕೆ ಬೇರೆ ಊರಿಗೆ ಹೋದಳು. ವ್ಯಾಪಾರಿ ಪಾದ್ರಿಯ ಹತ್ತಿರ ಹೋದ.

ಆ ಊರಿನ ಪಾದ್ರಿ ಆಗಿನ್ನೂ ವಯಸ್ಸಿನವನು. ಚೆನ್ನಾಗಿ ಓದಿದ್ದ. ಅವನು ಪ್ರಸಂಗ ಮಾಡಿದರೆ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೋಗಿ ವಿಚಾರಿಸುವಷ್ಟು ಪುರುಸೊತ್ತು ಮಾತ್ರ ಅವನಿಗೆ ಇರಲಿಲ್ಲ.

ಗುರುಗಳು ಒಬ್ಬ ಪಾದ್ರಿಯನ್ನು ಹೀಗೆ ಏಕವಚನದಲ್ಲಿ ಕರೆದದ್ದು ಇನ್ನಾಸಪ್ಪನಿಗೆ ಇರಿಸುಮುರಿಸಾಯಿತು. ಗುರುಗಳು ಮುಂದುವರಿಸಿದರು.

ವ್ಯಾಪಾರಿಯ ಮಾತು ಕೇಳಿ ಪಾದ್ರಿ “ಛೆ ಛೆ” ಅಂದ. ಜೇಬಿನಿಂದ ಪೆನ್ನು ತೆಗೆದು, ಕೂತಲ್ಲೇ ಪಟ್ಟಿಯಲ್ಲಿದ್ದ ಲೂರ್ದಮ್ಮನ ಹೆಸರಿನ ಮೇಲೆ ಗೀಟು ಎಳೆದ. ಆ ಕೋಣೆಯಲ್ಲಿ ಸಂಘದವರು ಇನ್ನೂ ಮೂವರಿದ್ದರು. ಅವರು ಮನೆಗೆ ಹೋಗಿ ಹೆಂಡಿರಿಗೆ ಹೇಳಿದರು. ಮುಂದಿನ ಭಾನುವಾರದ ಹೊತ್ತಿಗೆ ನಲ್ಲಿಯ ಹತ್ತಿರ ಹೆಂಗಸರು ಲೂರ್ದಮ್ಮನನ್ನು ಕಂಡರೆ ತಮ್ಮ ಕೊಡಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಪಾತ್ರೆ ತೊಳೆಯುತ್ತಿದ್ದ ಮೂರು ಮನೆಗಳಲ್ಲಿ ಎರಡು ಮನೆಯವರು ನಾಳೆಯಿಂದ ಬರಬೇಡ ಅಂದರು. ಯಾಕೆಂದು ಅವಳು ಕೇಳಿದಳು. ಒಬ್ಬಾಕೆ ಬಾಯಿಬಿಟ್ಟು ಹೇಳಿದಳು, “ಹೆಸರು ಕೆತ್ತಿದ ಲೋಟಾನೇ ಎತ್ತೋ ಕೈಗೆ ನಾವು ಪಾತ್ರೆ ಹಾಕಲ್ಲಮ್ಮ.”

ಲೂರ್ದಮ್ಮನ ಎದೆ ಒಡೆದುಹೋಯಿತು. ಅವಳ ಹತ್ತಿರ ಇದ್ದದ್ದು ಆ ಒಂದು ಹೆಸರು. ಅದನ್ನು ನಂಬಿಯೇ ಜನ ಅವಳನ್ನು ಮನೆಯೊಳಗೆ ಬಿಡುತ್ತಿದ್ದರು, ಅದರಿಂದಲೇ ನಾಲ್ಕು ಹೊಟ್ಟೆ ತುಂಬುತ್ತಿತ್ತು. ಆದರೂ ಆರೋಗ್ಯಮ್ಮನೇ ಕೊಟ್ಟಿದ್ದು ಎಂದು ಹೇಳಲಿಲ್ಲ. ಆಣೆ ಇಟ್ಟಿದ್ದಳು. ಹಬ್ಬಕ್ಕೆ ಅಕ್ಕ ಬಂದೇ ಬರುತ್ತಾಳೆ, ಬಂದರೆ ಅವಳೇ ಹೇಳುತ್ತಾಳೆ ಎಂದು ಕಾದಳು. ಮನೆಯಲ್ಲಿ ಮಕ್ಕಳು ದಿನಾ ನಕ್ಷತ್ರ ಯಾವಾಗ ತರುತ್ತಾರೆ ಎಂದು ಕೇಳುತ್ತಿದ್ದವು.

ಆ ವರ್ಷದ ಹಬ್ಬ ಬೇರೊಂದು ಮನೆಗೆ ಹೋಯಿತು. ಆರೋಗ್ಯಮ್ಮ ಹಬ್ಬದ ಹಿಂದಿನ ದಿನ ಬಂದಳು. ಕ್ರಿಸ್ಮಸ್ ಮಧ್ಯಾಹ್ನ ಗಂಡನಿಗೆ ಬಡಿಸಿ, ಇನ್ನೊಂದು ಪಾತ್ರೆಗೆ ಅನ್ನ, ಮಾಂಸ ತುಂಬುತ್ತ, ಇದು ಲೂರ್ದಮ್ಮನ ಮನೆಗೆ ಅಂದಳು. ವ್ಯಾಪಾರಿ ಸಿಟ್ಟಾಗಿ, “ಆ ಕಳ್ಳಿಗಾ?” ಎಂದ. ಎಲ್ಲವನ್ನೂ ಹೇಳಿದ.

ಆರೋಗ್ಯಮ್ಮನ ಕೈಯ ಸೌಟು ಹಾಗೇ ನಿಂತಿತು. “ಯಾರ್ರೀ ಕಳ್ಳಿ? ಲೋಟ ಕೊಟ್ಟವಳು ನಾನು. ಹೇಳಬೇಡ ಅಂದವಳೂ ನಾನು. ನೀವು ಕುಡಿದ ಲೋಟಾನ ಹುಣಸೆಹಣ್ಣು ಹಾಕಿ ತಿಕ್ಕಿ, ಬರೀ ಲೋಟ ಕೊಡಬಾರದು ಅಂತ ತುಂಬ ಅವರೆಬೇಳೆ ಹಾಕಿ ತಂದುಕೊಟ್ಟಳು. ಒಂದೊಂದೇ ಕಾಳು ಹಿದುಕಿ ತಂದಿದ್ದಳು ರೀ! ಎರಡು ಸಲ ಹಾಕಿಸಿಕೊಂಡು ತಿಂದಿರಲ್ಲ, ಅದು ಯಾರ ಮನೆಯದು ಅಂದುಕೊಂಡಿರಿ?”

ವ್ಯಾಪಾರಿಗೆ ಊಟ ಸೇರಲಿಲ್ಲ. ಕೈ ತೊಳೆದು ಅಂಗಡಿಯ ಬಾಗಿಲು ತೆಗೆದ. ಬಟ್ಟೆ ತೆಗೆದು, ಅಕ್ಕಿ, ಕೇಕು ತರಿಸಿ, ಒಂದು ಆಟೋ ತುಂಬ ಸಾಮಾನು ಹಾಕಿಸಿದ. ಪ್ರತಿ ವರ್ಷ ಕೊಡುವುದಕ್ಕಿಂತ ಎರಡರಷ್ಟು ಇತ್ತು. ಮೇಲೆ ಇದ್ದುದರಲ್ಲೇ ದೊಡ್ಡ ನಕ್ಷತ್ರ ಇಟ್ಟುಕೊಂಡು ಲೂರ್ದಮ್ಮನ ಮನೆಗೆ ಹೋದ.

ಮಕ್ಕಳು ಓಡಿಬಂದವು. ಲೂರ್ದಮ್ಮ ಆಟೋವನ್ನೂ ಅವನನ್ನೂ ನೋಡಿದಳು. ಒಳಗೆ ಬನ್ನಿ ಅಂದಳು. ಬೆಲ್ಲದ ಕಾಫಿ ಮಾಡಿ ನೆಗ್ಗಿದ ಅಲ್ಯೂಮಿನಿಯಂ ಲೋಟದಲ್ಲಿ ತಂದುಕೊಟ್ಟಳು.

“ಇದು ನಮ್ಮದೇ ಅಣ್ಣಾ. ತಿರುಗಿಸಿ ನೋಡಿಕೊಳ್ಳಿ, ಯಾರ ಹೆಸರೂ ಇಲ್ಲ.”

ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು. “ತಪ್ಪಾಯ್ತು ತಾಯಿ,” ಎಂದು ಮೆತ್ತಗೆ ಹೇಳಿದ.

“ಒಳಗೆ ಕೂತು ಮೆತ್ತಗೆ ಹೇಳಿದರೆ ಯಾರಿಗೆ ಕೇಳಿಸುತ್ತೆ? ನಾನು ಕಳ್ಳಿ ಅನ್ನೋದು ಊರಿಗೆಲ್ಲ ಕೇಳಿಸಿತಲ್ಲ. ಈ ಸಾಮಾನೆಲ್ಲ ಯಾಕೆ ತಂದಿದ್ದೀರಿ? ನಮ್ಮ ಹಬ್ಬಕ್ಕೋ, ನನ್ನ ಬಾಯಿ ಮುಚ್ಚಿಸೋಕೋ?”

“ನಾನೇನು ಮಾಡಲಿ, ನೀನೇ ಹೇಳಮ್ಮ.”

“ಭಾನುವಾರ ಪೂಜೆಯಲ್ಲಿ ಎಲ್ಲರ ಮುಂದೆ ಹೇಳಿ. ಆಮೇಲೆ ಇದನ್ನೆಲ್ಲ ತನ್ನಿ. ಅವತ್ತೇ ನಮಗೆ ಕ್ರಿಸ್ಮಸ್.”

“ಮಕ್ಕಳ ಮುಖ ನೋಡೇ,” ಎಂದ ಮಂಚದ ಮೇಲಿಂದ ಗಂಡ. ಅವಳು ನೋಡಿದಳು. ಕೇಕಿನ ಡಬ್ಬ ಒಂದನ್ನು ಇಳಿಸಿಕೊಂಡು ಮಕ್ಕಳ ಕೈಗೆ ಕೊಟ್ಟಳು. ಉಳಿದದ್ದು ಆಟೋದಲ್ಲೇ ವಾಪಸ್ ಹೋಯಿತು.

ನಾಲ್ಕು ದಿನದಲ್ಲಿ ಆರೋಗ್ಯಮ್ಮ ನಲ್ಲಿಗೆ ಹೋಗಿ, ಕಂಡವರ ಮನೆಗೆ ಹೋಗಿ, ಲೋಟ ತಾನೇ ಕೊಟ್ಟಿದ್ದೆಂದು ಹೇಳಿದಳು. ಯಾರೂ ನಂಬಲಿಲ್ಲ. ಕಳ್ಳಿಯನ್ನು ಉಳಿಸಲು ಹೇಳುತ್ತಿದ್ದಾಳೆ, ಅವಳದ್ದು ಮೊದಲಿಂದಲೂ ಮೆತ್ತನೆ ಮನಸ್ಸು ಅಂದರು. ವ್ಯಾಪಾರಿಯೇ ಹೇಳಬೇಕಿತ್ತು. ಅವನೂ ಹೇಳಲು ಒಪ್ಪಿದ್ದ. ಶನಿವಾರ ಪಾದ್ರಿಯ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿ, “ಪ್ರಕಟಣೆಗಳನ್ನು ಓದಿದ ಮೇಲೆ ನನ್ನನ್ನು ಕರೆಯಿರಿ ಸ್ವಾಮಿ. ನೀವು ಕರೆದರೆ ಎದ್ದು ಬಂದು ಹೇಳುತ್ತೇನೆ. ನಾನಾಗೇ ಏಳೋಕೆ ನನಗೆ ಧೈರ್ಯ ಸಾಲದು,” ಅಂದ. ಪಾದ್ರಿ ಆಗಲಿ ಅಂದ.

ಭಾನುವಾರ ಲೂರ್ದಮ್ಮ ಮಕ್ಕಳೊಂದಿಗೆ ಬಂದಳು. ಗಂಡನನ್ನು ಇಬ್ಬರು ಎತ್ತಿಕೊಂಡು ತಂದರು. ಅವತ್ತು ಅವಳು ಯಾರ ಹತ್ತಿರವೂ ಏನನ್ನೂ ಕೇಳಿ ತಂದಿರಲಿಲ್ಲ. ತನ್ನದೇ ಮಾಸಿದ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತಳು. ಅಂದು ದೇವಮಾತೆ, ಆಕೆಯ ಗಂಡ, ಮಗು ಮೂವರನ್ನೂ ನೆನೆಯುವ ಪವಿತ್ರ ಕುಟುಂಬದ ಹಬ್ಬ. ತುಂಬು ಬಸುರಿಯನ್ನು ಕರೆದುಕೊಂಡು ಬಂದವನಿಗೆ ಒಂದು ಊರಿನ ಜನ ಬಾಗಿಲು ತೆಗೆಯಲಿಲ್ಲ ಎಂಬುದನ್ನು ಪಾದ್ರಿ ಅದ್ಭುತವಾಗಿ ಹೇಳಿದ. ಎಲ್ಲರೂ ಕಣ್ಣು ಒರೆಸಿಕೊಂಡರು. ಕೊನೆಗೆ ಪ್ರಕಟಣೆಗಳನ್ನು ಓದಿದ. ಎರಡು ಮದುವೆ, ಜ್ಞಾನೋಪದೇಶದ ತರಗತಿಯ ಸಮಯ, ಯಾರೋ ಬಿಟ್ಟುಹೋದ ಒಂದು ಕೊಡೆ. ವ್ಯಾಪಾರಿ ಬೆಂಚಿನ ತುದಿಗೆ ಸರಿದು ಕೂತು ಪಾದ್ರಿಯ ಮುಖವನ್ನೇ ನೋಡುತ್ತಿದ್ದ. ಲೂರ್ದಮ್ಮನೂ ನೋಡುತ್ತಿದ್ದಳು.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು.

“ಆಮೇಲೆ?” ಎಂದ ಇನ್ನಾಸಪ್ಪ.

“ಆಮೇಲೇನು? ಪಾದ್ರಿ ಕೈ ಎತ್ತಿ ಆಶೀರ್ವಾದ ಕೊಟ್ಟ. ಪೂಜೆ ಮುಗಿಯಿತು. ವ್ಯಾಪಾರಿಗೂ ಒಳಗೊಳಗೆ ಹಗುರವಾಗಿರಬೇಕು, ತಲೆ ತಗ್ಗಿಸಿಕೊಂಡು ಹೊರಟುಹೋದ. ಚರ್ಚು ಖಾಲಿಯಾಗುವವರೆಗೂ ಲೂರ್ದಮ್ಮ ಬೆಂಚು ಬಿಟ್ಟು ಏಳಲಿಲ್ಲ. ಇನ್ನೂ ಕರೆಯುತ್ತಾರೆ ಎಂದು ಕಾದಿದ್ದಳೋ ಏನೋ. ಹದಿನೈದು ದಿನದಲ್ಲಿ ಆ ಸಂಸಾರ ಊರು ಬಿಟ್ಟಿತು. ಎಲ್ಲಿದ್ದಾರೆಂದು ಇವತ್ತಿಗೂ ಗೊತ್ತಿಲ್ಲ. ಹುಡುಕಿದ್ದೂ ಆಯಿತು.”

ಇನ್ನಾಸಪ್ಪನಿಗೆ ಸಿಟ್ಟು ತಡೆಯಲಾಗಲಿಲ್ಲ. “ಅಲ್ಲ ಗುರುಗಳೇ, ಅವರಿಗೆ ಎಲ್ಲ ಗೊತ್ತಿತ್ತು. ಆಗಲಿ ಎಂದು ಬಾಯಿಬಿಟ್ಟು ಹೇಳಿಯೂ ಇದ್ದರು. ಒಂದು ಹೆಸರು ಕರೆಯುವುದಕ್ಕೆ ಏನಾಗಿತ್ತು ಅವರಿಗೆ?”

ಗುರುಗಳು ಪಟ್ಟಿಯನ್ನು ಮಡಿಸಿ ಅವನ ಕೈಗೆ ಕೊಟ್ಟರು.

“ಕರೆದಿದ್ದರೆ, ವಿಚಾರಿಸದೆ ಅವಳ ಹೆಸರಿಗೆ ಗೀಟು ಎಳೆದ ಪಾದ್ರಿ ನಾನೇ ಎಂದು ಅವತ್ತೇ ಹೇಳಬೇಕಾಗುತ್ತಿತ್ತಲ್ಲ, ಮರಿ.”