ಪಡಸಾಲೆಯ ಅಡ್ಡಗೋಡೆ

ಪೂಜ್ಯ ಸತ್ಯನಾಥ ಸ್ವಾಮಿಗಳು ಕಲ್ಲುಕಟ್ಟೆಪಾಳ್ಯಕ್ಕೆ ಬಂದ ಕಾಲದಲ್ಲಿ ಅಲ್ಲಿನ ಕ್ರೈಸ್ತರಿಗೆ ದೇವಾಲಯವೆಂಬುದೇ ಇರಲಿಲ್ಲ. ಚೌರಪ್ಪನ ಮನೆಯ ಪಡಸಾಲೆಯೇ ದೇವಾಲಯ. ಅವನ ರಾಗಿ ಪೆಟ್ಟಿಗೆಗೆ ಬಿಳಿ ವಸ್ತ್ರ ಹಾಸಿದರೆ ಅದೇ ಬಲಿಪೀಠ. ಐವತ್ತು ಜನ ಹಿಡಿಸುವ ಜಾಗಕ್ಕೆ ನೂರು ಜನ ಬರುತ್ತಿದ್ದರು. ಮಿಕ್ಕವರು ಬೀದಿಯ ಬಿಸಿಲಲ್ಲಿ ನಿಂತು, ಒಳಗೇನು ನಡೆಯುತ್ತಿದೆಯೆಂದು ಅಂದಾಜಿನ ಮೇಲೆ ಮೊಣಕಾಲೂರುತ್ತಿದ್ದರು.

ಪಡಸಾಲೆ ಮೊದಲು ದೊಡ್ಡದೇ ಇತ್ತು. ಒಂಬತ್ತು ವರ್ಷದ ಹಿಂದೆ ಚೌರಪ್ಪನೂ ಅವನ ತಮ್ಮ ಇನ್ನಾಸಪ್ಪನೂ ಪಾಲಾದಾಗ ಇನ್ನಾಸಪ್ಪ ನಡುಗಂಬಗಳನ್ನು ತೆಗೆದು ಅದರ ನಟ್ಟನಡುವೆ ಗೋಡೆ ಎಬ್ಬಿಸಿದ್ದ. ಗಾರೆ ಕೆಲಸದಲ್ಲಿ ಅವನದು ಎತ್ತಿದ ಕೈ. ಪಟ್ಟಣದ ದೊಡ್ಡ ದೇವಾಲಯಗಳಿಗೆ ಕಮಾನು ಕಟ್ಟಿ ಹೆಸರು ಪಡೆದವನು. ಗೋಡೆ ಎದ್ದಂದಿನಿಂದ ಅಣ್ಣನೊಡನೆ ಮಾತಿಲ್ಲ. ಅಣ್ಣನ ಹೊಸ್ತಿಲು ತುಳಿಯುವುದಿಲ್ಲವಾದ್ದರಿಂದ ಪೂಜೆಯೂ ಇಲ್ಲ.

ಒಂದು ದಿನ ಅವನಾಗಿಯೇ ಸ್ವಾಮಿಗಳನ್ನು ಹುಡುಕಿಕೊಂಡು ಬಂದ.

"ಇದೇನು ಸ್ವಾಮಿ, ದೇವರನ್ನ ರಾಗಿ ಪೆಟ್ಟಿಗೆ ಮೇಲೆ ಕೂರಿಸ್ಕೊಂಡು? ಊರಾಚೆ ಜಾಗ ತೋರಿಸಿ, ಎರಡು ಗೋಪುರದ ಗುಡಿ ಎಬ್ಬಿಸ್ಕೊಡ್ತೀನಿ. ಕೂಲಿ ಬ್ಯಾಡ."

ಸ್ವಾಮಿಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆದಿಯ ಕ್ರೈಸ್ತರಿಗೆ ಗೋಪುರವಾಗಲಿ ಗಂಟೆಯಾಗಲಿ ಇರಲಿಲ್ಲವೆಂದೂ, ಯಾರದೋ ಮನೆಯಲ್ಲಿ ಸೇರುತ್ತಿದ್ದರೆಂದೂ, ಜನ ಹೆಚ್ಚಿದಾಗ ಎರಡು ಕೋಣೆಗಳ ನಡುವಣ ಗೋಡೆ ತೆಗೆದು ಒಂದು ಮಾಡಿಕೊಂಡರೆಂದೂ, ಕಂಬ ಕಮಾನುಗಳೆಲ್ಲ ಬಂದದ್ದು ಎಷ್ಟೋ ಕಾಲದ ಮೇಲೆಂದೂ ತಿಳಿಸಿದರು. ಕೊನೆಗೆ, "ಗೋಪುರ ಆಮೇಲಾಗಲಿ. ಮೊದಲು ಆ ಗೋಡೆ," ಎಂದರು.

ಇನ್ನಾಸಪ್ಪನ ಮುಖ ಕಪ್ಪಿಟ್ಟಿತು.

"ಅದೊಂದು ಬಿಟ್ಟು ಬ್ಯಾರೆ ಏನಾದ್ರೂ ಕೇಳಿ. ಬೇಕಾದ್ರೆ ನೀವೇ ಕೆಡವ್ಕೊಳ್ಳಿ, ನಾನಂತೂ ಕೈ ಹಾಕಲ್ಲ!"

ಕೋಪದಲ್ಲಿ ಆಡಿದ ಆ ಮಾತನ್ನು ಸ್ವಾಮಿಗಳು ಒಪ್ಪಿಗೆಯೆಂದೇ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಹಾರೆ ಹಿಡಿದು ಇನ್ನಾಸಪ್ಪನ ಕಡೆಯ ಪಡಸಾಲೆಗೇ ಬಂದು, ಗೋಡೆಯ ಬುಡಕ್ಕೆ ಹಾಕತೊಡಗಿದರು. ಗೋಡೆಯನ್ನು ಬುಡದಿಂದ ಕೆಡವುವವರುಂಟೇ? ಸೂರಿನ ತೊಲೆಗಳು ಅದರ ನೆತ್ತಿಯ ಮೇಲೇ ಕೂತಿದ್ದವು. ಸ್ವಾಮಿಗಳಿಗೆ ಆ ಕೆಲಸ ತಿಳಿದಿರಲಿಲ್ಲವೋ, ತಿಳಿದೇ ಹಾಗೆ ಮಾಡಿದರೋ, ಭಕ್ತರಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ.

ಜಗಲಿಯಲ್ಲಿ ಮುಖ ತಿರುಗಿಸಿ ಕೂತಿದ್ದ ಇನ್ನಾಸಪ್ಪ ಒಂದಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದ. ತೊಲೆ ಕಿರ್ರೆಂದಾಗ ಮಾತ್ರ ಅವನ ಜೀವ ಬಾಯಿಗೆ ಬಂತು. "ಅಯ್ಯಯ್ಯೋ, ಬಿಡಿ ಸ್ವಾಮಿ! ಸೂರು ಮೈಮೇಲೆ ಬರ್ತದೆ!" ಎಂದು ಓಡಿಬಂದು ಹಾರೆ ಕಿತ್ತುಕೊಂಡ. ತನ್ನ ಕಡೆಯ ತೊಲೆಗೆ ಕಂಬದ ಆಸರೆ ಕೊಟ್ಟು, ಏಣಿ ಹತ್ತಿ, ಮೇಲಿನಿಂದ ಒಂದೊಂದೇ ಇಟ್ಟಿಗೆ ಬಿಡಿಸತೊಡಗಿದ. ಎರಡು ಸಾಲು ಬಿಡಿಸುವಷ್ಟರಲ್ಲಿ ಆಚೆ ಕಡೆಯ ತೊಲೆ ಜಗ್ಗಿತು. ಇಣುಕಿ ನೋಡಿದರೆ ಕೆಳಗೆ ಅಣ್ಣನ ನರೆತ ತಲೆ.

"ಅಣ್ಣಾ, ತೊಲೆಗೆ ಆಸರೆ ಕೊಡು!"

"ಕೊಟ್ಟೆ ಕಣೋ, ನೀನು ಬಿಡಿಸು."

ಸಂಜೆಯ ಹೊತ್ತಿಗೆ ಗೋಡೆಯಿದ್ದಲ್ಲಿ ಕಂಬಗಳು ನಿಂತು ಪಡಸಾಲೆ ಒಂದಾಗಿತ್ತು. ಆ ಭಾನುವಾರ ಯಾರೂ ಬೀದಿಯಲ್ಲಿ ನಿಲ್ಲಲಿಲ್ಲ. ಪೂಜೆ ಮುಗಿದ ಮೇಲೆ ಇನ್ನಾಸಪ್ಪ ಎಲ್ಲರೆದುರು ಸ್ವಾಮಿಗಳ ಪಾದ ಹಿಡಿದು ಅತ್ತ.

"ಒಂಬತ್ತು ವರ್ಷ ಸ್ವಾಮಿ. ಅಣ್ಣ ಕೆಮ್ಮೋದು ಗೋಡೆಯಾಚೆಯಿಂದ ಕೇಳಿಸ್ತಿತ್ತು. ಒಂದು ದಿನಾನೂ ಹೋಗಿ ವಿಚಾರಿಸ್ಲಿಲ್ಲ."

"ಈಗ ವಿಚಾರಿಸು," ಎಂದರು ಸ್ವಾಮಿಗಳು.

ಇನ್ನಾಸಪ್ಪ ಎದ್ದ. ಜನರ ನಡುವೆ ದಾರಿ ಬಿಡಿಸಿಕೊಂಡು ಚೌರಪ್ಪನ ಮುಂದೆ ಹೋಗಿ ನಿಂತ.

"ಕೆಮ್ಮು ಹೆಂಗದೆ ಅಣ್ಣಾ?"